ನನ್ನ ತಮ್ಮ ದುಡ್ಡು ಕಟ್ಟಿದ್ದಾನೆ, ಮಾನ್ಯರೇ

ಗ್ರಾಹಕರ ದೂರು ನಿವಾರಣೆಯ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಮ್ಮ ದುಡ್ಡು ಕಟ್ಟಿದ್ದಾನೆ. ಕಟ್ಟಿಲ್ಲವೆಂದು ನೀವು ಬರೆದು, ಸಹಿ ಹಾಕಿ, ಗುಂಡಗಿನ ಸೀಲು ಒತ್ತಿ ಕಳಿಸಿದ್ದೀರಿ. ಆ ಒಂದು ಹಾಳೆ ಓದಿ ನನ್ನ ತಂಗಿ ತನ್ನ ಒಡಹುಟ್ಟಿದ ತಮ್ಮನ ಸಹವಾಸ ಈ ಜನ್ಮಕ್ಕೆ ಸಾಕು ಎಂದು ಕೂತಿದ್ದಾಳೆ. ಒಂದು ಕುಟುಂಬ ಒಡೆಯಲು ನಂಟರಿಗಾದರೆ ವರ್ಷಗಟ್ಟಲೆ ಚಾಡಿ ಹೇಳಬೇಕಾಗುತ್ತದೆ, ಮನೆಮನೆ ತಿರುಗಬೇಕಾಗುತ್ತದೆ. ನಿಮಗೆ ಮೂರು ಸಾಲು ಸಾಕಾಯಿತು. ನಿಮ್ಮ ಕಾರ್ಯದಕ್ಷತೆಗೆ ಮೊದಲು ನನ್ನ ಅಭಿನಂದನೆ ಸ್ವೀಕರಿಸಬೇಕು.

ನಾನು ಹಳೆ ಸೋಫಾ, ಕುರ್ಚಿಗಳಿಗೆ ಹೊಸದಾಗಿ ಮೆತ್ತೆ ಹಾಕಿ ಕೊಡುವವನು. ಶಾಲೆ ಹೆಚ್ಚು ಕಂಡವನಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕುರ್ಚಿಯ ಹೊಟ್ಟೆಗೆ ನಾರಿನ ಜೊತೆ ಹಳೆ ಪತ್ರಿಕೆಗಳನ್ನೂ ತುರುಕಿರುತ್ತಿದ್ದರು; ಬಿಚ್ಚಿದಾಗ ಸಿಕ್ಕಿದ್ದನ್ನು ಬಿಡಿಸಿ, ನೇವರಿಸಿ, ಕೂಡಿಸಿಕೊಂಡು ಓದಲು ಕಲಿತೆ. ಹಾಗಾಗಿ ದೊಡ್ಡವರು ಕೂರುವ ಜಾಗದ ಕೆಳಗೆ ಏನಿರುತ್ತದೆ ಎಂಬುದು ನನಗೆ ಸ್ವಲ್ಪ ಗೊತ್ತು. ಇಷ್ಟು ವರ್ಷ ಬರೆದದ್ದೆಲ್ಲ ನಂಟರಿಗೇ. ಸೊಸೆಗೆ ಹೆರಿಗೆ ಸಲೀಸಾಯಿತೇ, ಮಾವನ ಮಂಡಿನೋವು ಹೇಗಿದೆ, ಚಿಕ್ಕಮ್ಮನ ಸಿಟ್ಟು ಇಳಿಯಿತೇ, ಇಂಥವು. ಅಧಿಕಾರಿಗಳಿಗೆ ಬರೆಯುವ ಭಾಷೆ ನನಗೆ ಒಗ್ಗಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ. ಪದಗಳ ಅರ್ಥ ತಿದ್ದುವುದರಲ್ಲಿ ನೀವು ಪಳಗಿದವರು.

ನಾವು ಮೂವರು. ನಾನು ದೊಡ್ಡವನು. ನಡುವಿನವಳು ತಂಗಿ, ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು, ದೂರದ ಊರಿನಲ್ಲಿದ್ದಾಳೆ. ಕೊನೆಯವನು ತಮ್ಮ, ಲಿಫ್ಟ್ ಮೆಕ್ಯಾನಿಕ್. ಅವನಿಗೆ ಮನೆಯಲ್ಲಿ ‘ನಾಳೆ’ ಎಂದು ಅಡ್ಡಹೆಸರು. ಏನು ಹೇಳಿದರೂ ನಾಳೆ ಮಾಡುವವನು. ಅವನ ಕೈಹಿಡಿದು ಲಿಫ್ಟಿನ ಕೆಲಸ ಕಲಿಸಿದ್ದು ತಂಗಿಯ ಗಂಡ. ಆ ಮನುಷ್ಯ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಇವನನ್ನೇ ಕೇಳುತ್ತಿದ್ದರು. ಇವನು ಫೋನಿನಲ್ಲಿ, “ಟಿಕೆಟ್ ಆಯ್ತಕ್ಕಾ, ಹೊರಟೆ” ಅಂದ. ಟಿಕೆಟ್ ಆಗಿರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ, ಇಲ್ಲವೆಂದು ಹೇಳಲು ನಾಚಿಕೆ. ತಂಗಿ ಗಂಡನ ಕಿವಿಯಲ್ಲಿ “ಬರ್ತಿದಾನೆ, ದಾರೀಲಿದಾನೆ” ಎನ್ನುತ್ತಲೇ ಇದ್ದಳು. ಅವರು ಬಾಗಿಲು ನೋಡುತ್ತಲೇ ಹೋದರು. ಅಂದಿನಿಂದ ಅವಳು ತಮ್ಮನ ಜೊತೆ ಒಂದು ಮಾತೂ ಆಡಿರಲಿಲ್ಲ. ತಪ್ಪು ಅವನದೇ. ಅದರಲ್ಲಿ ನಿಮ್ಮ ಪಾಲು ಏನೂ ಇಲ್ಲ. ಮುಂದಿನದರಲ್ಲಿ ಇದೆ.

ವರ್ಷಗಳ ಕಾಲ ಕಾಗದ ಬರೆದು ಬರೆದು ಅವಳನ್ನು ಕರಗಿಸಿದೆ. ಕಡೆಗೊಮ್ಮೆ, “ಸರಿ, ಬರಲಿ. ನನ್ನ ಮನೆಗೆ ಬೇಡ, ನಡುವೆ ಎಲ್ಲಾದರೂ ಸೇರೋಣ. ಆದರೆ ಟಿಕೆಟ್ ಆಯ್ತು ಅಂದರೆ ಆಗಿರಬೇಕು” ಎಂದು ಬರೆದಳು. ತಮ್ಮ ಆ ಕಾಗದವನ್ನು ನನ್ನ ಅಂಗಡಿಯಲ್ಲಿ ನಿಂತೇ ಓದಿದ. ಆಮೇಲೆ, “ಅಣ್ಣಾ, ಇದರ ಖರ್ಚೆಲ್ಲ ನಂದು. ನೀನು ಜೇಬಿಗೆ ಕೈ ಹಾಕಿದ್ರೆ ಜಗಳ ಆಗುತ್ತೆ” ಅಂದ.

ಅವನ ಹತ್ತಿರ ಇದ್ದದ್ದು ಕ್ರಿಪ್ಟೊ ನಾಣ್ಯ. ಆಸೆಬುರುಕತನದಿಂದ ಕೊಂಡದ್ದಲ್ಲ. ಕಟ್ಟಡ ಕಟ್ಟಿಸಿದ ಧಣಿಯೊಬ್ಬ ಲಿಫ್ಟ್ ಕೂರಿಸಿದ ಕೂಲಿಯನ್ನು ಅದರಲ್ಲೇ ಕೊಟ್ಟಿದ್ದ; ತಗೊಂಡರೆ ತಗೊ, ಇಲ್ಲದಿದ್ದರೆ ಇಲ್ಲ ಎಂಬ ಧಾಟಿಯಲ್ಲಿ. ಮುಟ್ಟಲು ಬಾರದ, ಮುರಿಸಲು ತಿಳಿಯದ ಆ ಕೂಲಿಯನ್ನು ಫೋನಿನಲ್ಲಿಟ್ಟುಕೊಂಡು ಆಗಾಗ ತೆಗೆದು ನೋಡಿ ನಿಟ್ಟುಸಿರು ಬಿಡುತ್ತಿದ್ದ. ಅಷ್ಟರಲ್ಲಿ ದೊಡ್ಡ ದೊಡ್ಡ ಪ್ರಯಾಣ ಕಂಪನಿಗಳು ನಾ ಮುಂದು ತಾ ಮುಂದು ಎಂದು ಸಾರಿದವು: ವಿಮಾನಕ್ಕೂ ಹೋಟೆಲಿಗೂ ಇನ್ನು ಮೇಲೆ ಕ್ರಿಪ್ಟೊ ನಡೆಯುತ್ತದೆ! ಒಂದು ಕಂಪನಿಯ ಜಾಹೀರಾತಿನಲ್ಲಿ, ಮಾನ್ಯರೇ, ತಾವೇ ಇದ್ದಿರಿ. ವೇದಿಕೆಯ ಮೇಲೆ, ಹೂಗುಚ್ಛದ ಹಿಂದೆ, ಹಲ್ಲೆಲ್ಲ ಕಾಣುವಂತೆ ನಗುತ್ತಾ. ಕೆಳಗೆ ತಮ್ಮದೇ ಮಾತು: ‘ಪ್ರಯಾಣಿಕರ ನಂಬಿಕೆಗೆ ಹೊಸ ಯುಗ.’

“ನೋಡಣ್ಣ, ದೂರು ಕೇಳೋ ಸಾಹೇಬ್ರೇ ನಿಂತವ್ರೆ. ಇನ್ನೇನ್ ಭಯ?” ಅಂದ ತಮ್ಮ.

ನಾನೂ ತಲೆಯಾಡಿಸಿದೆ. ಕಂಪನಿಯವರ ನಗುವನ್ನು ನಂಬುವಷ್ಟು ದಡ್ಡರು ನಾವಲ್ಲ. ನಿಮ್ಮದನ್ನು ನಂಬುವಷ್ಟು ದಡ್ಡರಾಗಿದ್ದೆವು.

ಅಂಗಡಿಯಲ್ಲಿ, ಅರ್ಧ ಬಿಚ್ಚಿದ ಸೋಫಾದ ಮೇಲೆ ಇಬ್ಬರೂ ಅಕ್ಕಪಕ್ಕ ಕೂತೆವು. ನಮ್ಮಿಬ್ಬರ ವಿಮಾನ, ಕಡಲ ತೀರದ ಊರಿನ ಹೋಟೆಲಿನಲ್ಲಿ ಕೋಣೆಗಳು, ಎಲ್ಲ ಒಂದೇ ಬುಕಿಂಗಿನಲ್ಲಿ. ರೈಲಿನಲ್ಲಿ ಬರುವ ಅಕ್ಕನಿಗೆ ಕಿಟಕಿಯಿಂದ ನೀರು ಕಾಣುವ ಕೋಣೆಯೇ ಬೇಕೆಂದು ಅವನು ಹುಡುಕಿ ಹುಡುಕಿ ಆರಿಸಿದ. ಒತ್ತಿದ. ಪರದೆಯ ತುಂಬ ಬಣ್ಣದ ಚೂರುಗಳು ಉದುರಿ ‘ಅಭಿನಂದನೆಗಳು’ ಎಂದು ಬಂತು. ಅವನು ಅಕ್ಕನಿಗೆ, ಅಷ್ಟು ವರ್ಷಗಳ ಮೇಲೆ ಮೊದಲ ಸಲ, ಸಂದೇಶ ಕಳಿಸಿದ: ‘ಟಿಕೆಟ್ ಆಯ್ತಕ್ಕಾ.’

ಮುಂದೆ ನಡೆದದ್ದು ಇಷ್ಟು. ನಾಣ್ಯ ಇವನ ಫೋನು ಬಿಟ್ಟು ಕಂಪನಿಯ ಗಲ್ಲಾಪೆಟ್ಟಿಗೆ ಸೇರುವಷ್ಟರಲ್ಲಿ ಅದರ ಬೆಲೆ ಒಂದಿಷ್ಟು ಇಳಿಯಿತು. ಕಟ್ಟಬೇಕಾದ್ದಕ್ಕಿಂತ ಕಡಿಮೆಯಾದದ್ದು ಎಷ್ಟು? ಒಂದು ಲೋಟ ಚಹಾದ ಬೆಲೆಯಷ್ಟು. ‘ಮೊತ್ತ ಅಪೂರ್ಣ’ ಎಂದು ಕಂಪನಿಯ ಯಂತ್ರ ಬುಕಿಂಗ್ ರದ್ದು ಮಾಡಿತು. ಹಾಗೆಂದು ತಿಳಿಸುವ ಸಂದೇಶವನ್ನು ಆ ಆ್ಯಪಿನ ಯಾವುದೋ ಮೂಲೆಯಲ್ಲಿ ಬಚ್ಚಿಟ್ಟಿತು. ಬಂದ ನಾಣ್ಯವನ್ನು ಮಾತ್ರ ಬಚ್ಚಿಡಲಿಲ್ಲ, ನೇರವಾಗಿ ನುಂಗಿತು. ಬದಲಿಗೆ ‘ಮುಂದಿನ ಪ್ರಯಾಣಕ್ಕೆ ಅಂಕಗಳು’ ಕೊಟ್ಟಿದೆಯಂತೆ. ಅಂಕ! ಅರವತ್ತರ ಹೊಸ್ತಿಲಲ್ಲಿರುವ ನನ್ನ ತಮ್ಮ ಜೀವಮಾನದಲ್ಲಿ ಮೊದಲ ಸಲ ಪಾಸಾಗಿದ್ದಾನೆ. ಸಂತೋಷಪಡೋಣ.

ಇದೊಂದೂ ಗೊತ್ತಿಲ್ಲದೆ, ಹೊರಡಬೇಕಾದ ದಿನ ನಾವು ಇಸ್ತ್ರಿ ಅಂಗಿ ತೊಟ್ಟು ವಿಮಾನ ನಿಲ್ದಾಣದಲ್ಲಿ ನಿಂತೆವು. “ಇದು ರದ್ದಾಗಿದೆ ಸರ್” ಎಂದರು. ಅತ್ತ ತಂಗಿ, ಎಲ್ಲಿಗೇ ಆದರೂ ಮೊದಲೇ ತಲುಪುವ ಅಭ್ಯಾಸದವಳು, ಆಗಲೇ ಹೋಟೆಲಿನಲ್ಲಿದ್ದಳು. ತಮ್ಮನ ಫೋನನ್ನು ಅವಳು ಎತ್ತಲಿಲ್ಲ. ನನಗೆ ತಾನೇ ಮಾಡಿದಳು.

“ಎಲ್ಲಿದೀಯ ಅಣ್ಣಾ?”

“ವಿಮಾನ ನಿಲ್ದಾಣದಲ್ಲಿ ಕಣಮ್ಮಾ. ಟಿಕೆಟ್ಟಲ್ಲಿ ಏನೋ ಎಡವಟ್ಟಾಗಿದೆ.”

“ಎಡವಟ್ಟಲ್ಲ. ದುಡ್ಡೇ ಕಟ್ಟಿಲ್ವಂತೆ. ಇಲ್ಲಿ ಹುಡುಗಿ ಕಂಪ್ಯೂಟರ್ ನೋಡಿ ಓದಿ ಹೇಳಿದ್ಲು.”

“ಕಟ್ಟಿದಾನಮ್ಮಾ. ನಾನು ಪಕ್ಕದಲ್ಲೇ ಕೂತಿದ್ದೆ.”

“ನೀನು ಒಳ್ಳೆಯವನು ಅಣ್ಣಾ. ಅವನಿಗೋಸ್ಕರ ಸುಳ್ಳು ಹೇಳೋಷ್ಟು ಒಳ್ಳೆಯವನಾಗ್ಬೇಡ.”

ಸಂಜೆಯ ರೈಲಿಗೆ ವಾಪಸ್ ಹೋದಳಂತೆ. ಕಡಲು ನೋಡಿದಳೋ ಇಲ್ಲವೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ.

ಅದಕ್ಕೇ ನಿಮ್ಮ ಕಚೇರಿಗೆ ಬಂದೆವು. ನಾಲ್ಕನೇ ಮಹಡಿ, ಲಿಫ್ಟಿಗೆ ‘ಕೆಟ್ಟಿದೆ’ ಎಂಬ ಹಲಗೆ, ಹಲಗೆಯ ಮೇಲೆ ಧೂಳು. ತಮ್ಮ ಬಾಗಿಲ ಸಂದಿಯಲ್ಲಿ ಇಣುಕಿ, “ಅರ್ಧ ಗಂಟೆ ಕೆಲಸ ಅಣ್ಣಾ ಇದು, ಯಾರೂ ಮುಟ್ಟೇ ಇಲ್ಲ” ಅಂದ. ಮೆಟ್ಟಿಲು ಹತ್ತಿದೆವು. ಎರಡನೇ ಮಹಡಿಯಲ್ಲಿ ತೆರಿಗೆ ಕಚೇರಿ. ಇದೇ ನಾಣ್ಯ ಕೂಲಿಯಾಗಿ ಬಂದಾಗ ಇವನು ಅಲ್ಲಿ ತೆರಿಗೆ ಕಟ್ಟಿದ್ದಾನೆ; ನಗುನಗುತ್ತಾ ಕಟ್ಟಿಸಿಕೊಂಡಿದ್ದಾರೆ. ನಾಲ್ಕನೇ ಮಹಡಿಯಲ್ಲಿ ನಿಮ್ಮ ಗುಮಾಸ್ತೆ ಕೇಳಿದರು, “ದುಡ್ಡು ಕಟ್ಟಿದ ರಸೀದಿ ಎಲ್ರೀ?”

ತಮ್ಮ ಫೋನು ತೋರಿಸಿದ.

“ಅಯ್ಯೋ, ಇದು ದುಡ್ಡಲ್ಲ ಕಣ್ರೀ.”

“ಮತ್ತೇನು ಮೇಡಂ?”

“ಇದು… ಒಂಥರಾ ಆಸ್ತಿ.”

“ಹಂಗಾದ್ರೆ ಆಸ್ತಿ ಹೋಯ್ತು ಅಂತ ಬರ್ಕೊಳ್ಳಿ.”

“ಆಸ್ತಿ ಹೋದ್ರೆ ನಮ್ಮಲ್ಲಿಗೆ ಬರಲ್ಲ. ನಮ್ಮಲ್ಲಿ ಬರೀ ದುಡ್ಡು ಹೋದ್ರೆ.”

“ಕೆಳಗಡೆ ತೆರಿಗೆ ತಗೊಂಡ್ರಲ್ಲ ಮೇಡಂ, ಆಗ ಇದು ಏನಾಗಿತ್ತು?”

“ಅದನ್ನ ಕೆಳಗಡೆ ಕೇಳಿ.”

ಆಕೆಯ ತಲೆಯ ಹಿಂದೆ, ಗೋಡೆಯ ಮೇಲೆ, ಅದೇ ಜಾಹೀರಾತು. ಅದೇ ಹೂಗುಚ್ಛ. ಅದೇ ಹಲ್ಲು. ನನಗೆ ಆ ಹೆಣ್ಣುಮಗಳ ಮೇಲೆ ಸಿಟ್ಟು ಬರಲಿಲ್ಲ. ದಿನವಿಡೀ ಆ ನಗುವಿನ ಕೆಳಗೆ ಕೂತು ಜನರಿಗೆ ಇಲ್ಲ ಅನ್ನಬೇಕಾದ ಪಾಡು ಯಾರಿಗೂ ಬೇಡ. ಬಂದವರು ಕೂರುವ ಕುರ್ಚಿಗಳ ಸ್ಪ್ರಿಂಗು ಹೊರಗೆ ಬಂದಿದೆ ಎಂಬುದನ್ನೂ ಈ ಸಂದರ್ಭದಲ್ಲಿ ತಮ್ಮ ಗಮನಕ್ಕೆ ತರುತ್ತೇನೆ. ನಿಮ್ಮ ಕೋಣೆಯ ಅರೆತೆರೆದ ಬಾಗಿಲಲ್ಲಿ ಕಂಡ ಕುರ್ಚಿ ಮಾತ್ರ ಅಪ್ಪಟ ಚರ್ಮದ್ದು. ಖಾಲಿಯಿತ್ತು.

ಲಿಖಿತ ದೂರು ಕೊಟ್ಟು ಹೋಗಿ ಎಂದರು. ಕೊಟ್ಟೆ. ಅಲ್ಲೇ ನಾನು ಎಡವಿದ್ದು. ನನ್ನ ತಂಗಿ ಇಡೀ ಆಯುಷ್ಯ ಕಚೇರಿಯಲ್ಲಿ ಟೈಪು ಹೊಡೆದವಳು. ಮನುಷ್ಯರ ಮಾತು ಅವಳಿಗೆ ಗಾಳಿ. ಸೀಲು ಬಿದ್ದ ಹಾಳೆ ಸತ್ಯ. ಕಚೇರಿಯಿಂದಲೇ ಸತ್ಯ ತಲುಪಲಿ, ಅಣ್ಣ ತಿದ್ದಿದ ಎಂಬ ಅನುಮಾನ ಬಾರದಿರಲಿ ಎಂದು, ‘ಉತ್ತರದ ಪ್ರತಿಯನ್ನು ದಯವಿಟ್ಟು ಈ ವಿಳಾಸಕ್ಕೂ ಕಳಿಸಿ’ ಎಂದು ಅವಳ ವಿಳಾಸ ಬರೆದೆ. ನಿಮ್ಮ ಕಚೇರಿ ನನ್ನ ಇಷ್ಟು ಕೋರಿಕೆಗಳಲ್ಲಿ ಅದೊಂದನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿತು.

ಉತ್ತರ ಹೀಗಿತ್ತು: ‘ಸದರಿ ನಾಣ್ಯವು ಹಣದ ವ್ಯಾಖ್ಯೆಗೆ ಒಳಪಡದ ಕಾರಣ ಪಾವತಿ ನಡೆದಿರುವುದಿಲ್ಲ. ಪಾವತಿ ನಡೆಯದ ಕಾರಣ ಅರ್ಜಿದಾರರ ತಮ್ಮ ಗ್ರಾಹಕರಾಗಿರುವುದಿಲ್ಲ. ಗ್ರಾಹಕರಲ್ಲದ ಕಾರಣ ದೂರು ಇರುವುದಿಲ್ಲ.’

ಆಹಾ! ಎಂಥ ಕುಸುರಿ ಕೆಲಸ! ಒಂದು ಸಾಲಿಗೆ ಹಣ ಮಾಯ, ಇನ್ನೊಂದಕ್ಕೆ ಮನುಷ್ಯ ಮಾಯ, ಮೂರನೆಯದಕ್ಕೆ ಅನ್ಯಾಯವೇ ಮಾಯ. ಇನ್ನೊಂದು ಸಾಲು ಬರೆದಿದ್ದರೆ ನಾವು ಹುಟ್ಟಿಯೇ ಇಲ್ಲ ಎಂದು ಸಾಬೀತಾಗುತ್ತಿತ್ತೇನೋ. ಒಂದೇ ಒಂದು ಅನುಮಾನ, ಮಾನ್ಯರೇ. ಅದು ಹಣವೇ ಅಲ್ಲವಾದರೆ, ಹಣವಲ್ಲದ್ದನ್ನು ಹಣವೆಂದು ಇಸಿದುಕೊಳ್ಳುವ ಅಂಗಡಿಯ ಬಾಗಿಲು ತೆರೆಯಲು ತಾವು ಹೂಗುಚ್ಛ ಹಿಡಿದು ಹೋದದ್ದೇಕೆ? ಕೊಡುವವನ ಕೈಯಲ್ಲಿ ಅದು ಗಾಳಿ, ಪಡೆಯುವವನ ಪೆಟ್ಟಿಗೆಯಲ್ಲಿ ಲಾಭ, ಎರಡನೇ ಮಹಡಿಯಲ್ಲಿ ಸಂಪತ್ತು, ನಾಲ್ಕನೆಯದರಲ್ಲಿ ಏನೂ ಅಲ್ಲ. ಎರಡು ಮಹಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಕರಗಿಹೋಗುವ ವಸ್ತುವನ್ನು ನಾನು ಬೇರೆಲ್ಲೂ ಕಂಡಿಲ್ಲ. ಲಿಫ್ಟ್ ಸರಿಯಿದ್ದಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತೋ ಏನೋ.

ತಂಗಿ ಆ ಪ್ರತಿಯನ್ನು ನನಗೆ ಮರಳಿ ಕಳಿಸಿದಳು. ತನ್ನದೊಂದು ಮಾತೂ ಬರೆದಿರಲಿಲ್ಲ. ‘ಪಾವತಿ ನಡೆದಿರುವುದಿಲ್ಲ’ ಎಂಬ ಪದಗಳ ಕೆಳಗೆ ಕೆಂಪು ಶಾಯಿಯಲ್ಲಿ, ಅಡಿಪಟ್ಟಿ ಇಟ್ಟು, ನೆಟ್ಟಗೆ ಗೆರೆ ಎಳೆದಿದ್ದಳು. ತಮ್ಮ ಅದನ್ನು ನೋಡಿದ. ಬೈಯುತ್ತಾನೆ, ಕೂಗಾಡುತ್ತಾನೆ ಅಂದುಕೊಂಡೆ. “ಅಕ್ಕನ ಗೆರೆ ಇನ್ನೂ ಸೊಟ್ಟಗಾಗಲ್ಲ ನೋಡು” ಅಂದ, ಅಷ್ಟೇ. ಸುಳ್ಳು ಹೇಳಿದಾಗ ಅವನನ್ನು ಅವಳು ನಂಬಿದಳು. ನಿಜ ಹೇಳಿದಾಗ ನಂಬದಂತೆ ಮಾಡಲು ಒಂದು ಇಡೀ ಇಲಾಖೆ ಬೇಕಾಯಿತು.

ಈಗ ನನ್ನ ಬೇಡಿಕೆ. ಹಣ ವಾಪಸ್ ಕೇಳುತ್ತಿಲ್ಲ. ಆ ಆಸೆಗೆ ಎಳ್ಳುನೀರು ಬಿಟ್ಟಾಯಿತು. ನಾಣ್ಯ ಹಣವೋ, ಆಸ್ತಿಯೋ, ಗಾಳಿಯೋ, ನಿಮ್ಮ ಮಹಡಿಗಳು ಒಂದಕ್ಕೊಂದು ಮಾತು ಬಿಟ್ಟಿರುವುದನ್ನು ಮರೆತು ಕೂತು ತೀರ್ಮಾನಿಸಲಿ. ನನಗೆ ಬೇಕಾದ್ದು ನಿಮ್ಮ ಕಚೇರಿಯ ಹಾಳೆಯಲ್ಲಿ ಒಂದೇ ಸಾಲು: ‘ಈಕೆಯ ತಮ್ಮ ಈ ಪ್ರಯಾಣಕ್ಕಾಗಿ ತನ್ನ ದುಡಿಮೆಯನ್ನು ಕೊಟ್ಟದ್ದು ನಿಜ, ಕಂಪನಿ ಅದನ್ನು ತೆಗೆದುಕೊಂಡದ್ದೂ ನಿಜ.’ ಕೆಳಗೆ ಸಹಿ, ಅದೇ ಗುಂಡಗಿನ ಸೀಲು. ನೇರವಾಗಿ ಅವಳ ವಿಳಾಸಕ್ಕೆ. ವಿಳಾಸ ನಿಮ್ಮಲ್ಲಿದೆ, ದಾರಿ ನಿಮ್ಮ ಅಂಚೆಗೆ ಗೊತ್ತಿದೆ. ಅಷ್ಟೂ ಆಗದಿದ್ದರೆ ಗೋಡೆಯ ಮೇಲಿನ ನಗುವನ್ನಾದರೂ ಇಳಿಸಿ. ಅದನ್ನು ನಂಬಿ ಇನ್ನೊಬ್ಬ ತನ್ನ ಅಕ್ಕನಿಗೆ ಕಿಟಕಿಯ ಕೋಣೆ ಹುಡುಕುವುದು ಬೇಡ.

ಇದನ್ನು ಪತ್ರಿಕೆಗೆ ಕೊಡುತ್ತಿರುವುದು ಏಕೆಂದರೆ, ತಾವು ಓದುತ್ತೀರೆಂಬ ಭ್ರಮೆ ನನಗಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಓದುಗರ ಪತ್ರಗಳ ಪುಟವನ್ನು ಅಡಿಪಟ್ಟಿ ಇಟ್ಟುಕೊಂಡು ಸಾಲುಸಾಲಾಗಿ ಓದುವ ಒಬ್ಬಳು ಇದ್ದಾಳೆ. ಅಚ್ಚಾದದ್ದನ್ನು ಅವಳು ಅರ್ಧ ನಂಬುತ್ತಾಳೆ. ಉಳಿದ ಅರ್ಧ ನಿಮ್ಮ ಮೇಜಿನ ಖಾನೆಯಲ್ಲಿದೆ, ಸೀಲಿನ ಪಕ್ಕದಲ್ಲಿ.

ತಮ್ಮ ಈಗ ನಾಳೆ ಅನ್ನುವುದನ್ನು ಬಿಟ್ಟಿದ್ದಾನೆ. ಆ ಹೆಸರು ಇನ್ನು ಮೇಲೆ ನಿಮ್ಮ ಕಚೇರಿಗಿರಲಿ. ದಿನಾ ಸಂಜೆ ಕೆಲಸ ಮುಗಿಸಿ, ಕೈಗೆ ಗ್ರೀಸು ಹತ್ತಿರುವಾಗಲೇ ಅಂಗಡಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ದುಡ್ಡು ಬಂತಾ ಎಂದು ಒಂದು ದಿನವೂ ಕೇಳಿಲ್ಲ.

“ಅಕ್ಕ ಏನಾದ್ರೂ ಬರೆದ್ಲಾ, ಅಣ್ಣಾ?” ಅನ್ನುತ್ತಾನೆ.

ಇಂತಿ,
ನಿಮ್ಮ ವ್ಯಾಖ್ಯೆಯಂತೆ ಗ್ರಾಹಕನ ಅಣ್ಣನೂ ಅಲ್ಲದ,
ಆದರೂ ಇಬ್ಬರಿಗೆ ಇನ್ನೂ ಅಣ್ಣನೇ ಆಗಿರುವ,
ಕುರ್ಚಿ ಮೆತ್ತೆಯವನು