ಗಂಜಿ ಬಿಟ್ಟ ಯಜಮಾನ

ಕೊಡಂಗೆ ಮನೆ, ಸಿದ್ಧಕಟ್ಟೆಯ ಹತ್ತಿರ
ಸೋಣ ತಿಂಗಳ ಕೊನೆ, 1963

ಅಕ್ಕನ ಮಗಳು, ಸೊಸೆ ಕಾಂತಿಗೆ, ನೆಲದ ಮೇಲೆ ಎರಡೂ ಕಾಲೂರಿ ಗಟ್ಟಿಯಾಗಿ ನಿಂತಿರುವ ನಿನ್ನ ಮುಂಡಪ್ಪ ಮಾವನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ತಲುಪಿತು. ಕ್ಷೇಮ ಸಮಾಚಾರ ಕೇಳುವ ಮೊದಲೇ, "ಮಾವ, ಡೊಂಬಯ್ಯ ಶೆಟ್ಟರ ಮಗನಿಗೆ ನನ್ನನ್ನು ಕೊಡುವ ಮಾತಾಗಿದೆಯಂತೆ, ಹೌದಾ? ನರ್ಸು ಕಲಿಯುವುದನ್ನು ಅರ್ಧದಲ್ಲಿ ಬಿಡಿಸುತ್ತೀರಾ?" ಎಂದು ಬರೆದಿದ್ದೀ. ಎಷ್ಟು ಒತ್ತಿ ಬರೆದಿದ್ದೀ ಎಂದರೆ ಕಾಗದದ ಹಿಂಬದಿಯಲ್ಲಿ ಬೆರಳಾಡಿಸಿಯೂ ಓದಬಹುದಿತ್ತು. ಮಾರಾಯ್ತಿ, ಮೊದಲು ಕುಳಿತುಕೋ. ಪೆಟ್ಟಿಗೆ ಕಟ್ಟಬೇಡ, ಬಸ್ಸು ಹತ್ತಬೇಡ. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಸುದ್ದಿ ಅರ್ಧವೇ ಹತ್ತುತ್ತದೆ, ಉಳಿದರ್ಧ ಸಿದ್ಧಕಟ್ಟೆಯಲ್ಲಿಯೇ ನಿಂತಿರುತ್ತದೆ. ಆ ಅರ್ಧವನ್ನು ಈಗ ನಾನು ಬರೆಯುತ್ತೇನೆ. ಐದನೆಯ ಕ್ಲಾಸು ಕಲಿತವನ ಕೈಬರಹ ಎಂದು ನಗಬೇಡ. ನನ್ನ ಅಕ್ಷರವನ್ನು ನಮ್ಮ ಮಾಸ್ಟ್ರು ಇಡೀ ಶಾಲೆಗೆ ತೋರಿಸುತ್ತಿದ್ದರು. ಯಾಕೆ ತೋರಿಸುತ್ತಿದ್ದರು ಎಂಬುದು ಈಗ ಬೇಡ.

ಬಿಸು ಹಬ್ಬದ ರಜೆಗೆ ನೀನು ಬಂದಿದ್ದಾಗ, ನಾನು ಉಚ್ಚೆ ಹೊಯ್ದ ಕಡೆ ಇರುವೆ ಸಾಲು ಕಟ್ಟಿದ್ದನ್ನು ನಿನಗೆ ತೋರಿಸಿದ್ದು ನಾನೇ. "ನೋಡು, ಇರುವೆಗೂ ಬೇಕಾದ ಮನುಷ್ಯ ನಾನು" ಎಂದಿದ್ದೆ. ನೀನು ನಗಲಿಲ್ಲ. ಪೆಟ್ಟಿಗೆಯಿಂದ ಗಾಜಿನ ನಳಿಗೆಯನ್ನೂ ನೀಲಿ ನೀರಿನ ಸೀಸೆಯನ್ನೂ ತೆಗೆದೆ. ಆ ನೀಲಿಗೆ ನನ್ನ ಉಚ್ಚೆಯ ಕೆಲವು ಹನಿ ಹಾಕಿ ಬಚ್ಚಲೊಲೆಯ ಬೆಂಕಿಗೆ ಹಿಡಿದೆ. ನೀಲಿ ಇದ್ದದ್ದು ಹಸಿರಾಯಿತು, ಹಸಿರು ಹಳದಿಯಾಯಿತು, ಕಡೆಗೆ ನಮ್ಮ ಮಾಡಿನ ಹೆಂಚಿನ ಬಣ್ಣಕ್ಕೆ ಬಂದು ನಿಂತಿತು. "ಸಕ್ಕರೆ ಇದ್ದಷ್ಟೂ ಕೆಂಪು ಮಾವ" ಎನ್ನುವಾಗ ನಿನ್ನ ಮುಖ ಬಿಳಿಚಿಕೊಂಡಿತು. ನನಗೆ ಮಾತ್ರ ಹೆದರಿಕೆಗಿಂತ ಮೊದಲು ಸೋಜಿಗವೇ ಆದದ್ದು. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಈ ಹೊಟ್ಟೆಯೊಳಗೆ ಹೆಂಚಿನ ಕಾರ್ಖಾನೆ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಮೂಡುಬಿದಿರೆಯ ಗಜಾನನ ಡಾಕ್ಟ್ರು ನನ್ನ ಕಾಲಿನ ಹೆಬ್ಬೆರಳಿನ ಒಣಗದ ಹಸಿ ಗಾಯ ನೋಡಿ ಹೇಳಿದ ಮಾತು ನೀನೂ ಕೇಳಿದ್ದೀ. ಸಕ್ಕರೆ ಕಾಯಿಲೆ, ಹೀಗೇ ಬಿಟ್ಟರೆ ಬೆರಳು ಹೋದೀತು, ದಿನಾ ಸೂಜಿ ಹಾಕಬೇಕಾದೀತು. "ಅದಕ್ಕೆ ಮೊದಲು ಒಂದು ಪ್ರಯತ್ನ ಮಾಡುವ. ಅನ್ನ, ಬೆಲ್ಲ, ಗೆಣಸು, ಹಲಸು ಬಿಡಿ. ಮೀನು, ಮೊಟ್ಟೆ, ಸೊಪ್ಪು ತಿನ್ನಿ. ದಿನಾ ಮೈ ಬೆವರಬೇಕು. ಹೊಸ ಅಕ್ಕಿ ಊಟದವರೆಗೆ ನೋಡುವ" ಎಂದರು. ಮನೆಗೆ ಬಂದ ಮೇಲೆ ನಿನ್ನ ಅಮ್ಮ ಹೇಳಿದ್ದನ್ನೂ ನೀನು ಕೇಳಿದ್ದೀ. ಈ ಮನೆಯ ಯಜಮಾನ ನಾನಾದರೂ ಕಡೆಯ ಮಾತು ನೀಲಾವತಿ ಅಕ್ಕನದು. "ದಿನಾ ಸೂಜಿ ಹಾಕ್ಲಿಕ್ಕೆ ಈ ಊರಲ್ಲಿ ಯಾರುಂಟು? ಇವನಿಗೆ ಹೆಂಡತಿಯೂ ಇಲ್ಲ. ಹೊಸ ಊಟಕ್ಕೆ ಆ ಕೆಂಪು ಹೋಗದಿದ್ದರೆ ಕಾಂತಿಯನ್ನು ಕರೆಸ್ತೇನೆ. ಕಲಿತದ್ದು ಸಾಕು."

ಬಸ್ಸು ಹತ್ತುವಾಗ ನೀನು ನನ್ನ ಕಾಲಿನ ಗಾಯಕ್ಕೆ ಕಟ್ಟಿದ ಬಟ್ಟೆಯನ್ನೇ ನೋಡುತ್ತಾ, "ಮಾವ, ನೀವು ಗಂಜಿ ಬಿಡುವುದುಂಟಾ?" ಎಂದೆ. ನಗುವ ಹಾಗೆ ಕೇಳಿದೆ, ನಗು ಬರಲಿಲ್ಲ ನಿನಗೆ. "ಮುಂಡಪ್ಪ ಬಿಟ್ಟೆ ಎಂದರೆ ಬಿಟ್ಟ" ಎಂದು ನಾನು ಮೀಸೆ ಮುಟ್ಟಿಕೊಂಡೆ. ಬಸ್ಸು ತಿರುವು ದಾಟುವವರೆಗೂ ಮೀಸೆಯಿಂದ ಕೈ ತೆಗೆಯಲಿಲ್ಲ. ತೆಗೆದರೆ ತುಟಿ ನಡುಗುವುದು ಕಾಣುತ್ತಿತ್ತು.

ಹೇಳುವುದು ಸುಲಭ. ನಮ್ಮಲ್ಲಿ ಊಟವೆಂದರೆ ಅನ್ನ. ಉಳಿದದ್ದೆಲ್ಲ ಆ ಅನ್ನವನ್ನು ಗಂಟಲಿಗಿಳಿಸುವ ಉಪಾಯ. ಮೊದಲ ದಿನ ನಿನ್ನ ಅಮ್ಮ ಬಂಗುಡೆ ಮೀನಿನ ಸಾರು ಬಡಿಸಿದಳು. ಅದನ್ನು ತಿನ್ನುವುದೋ ಕುಡಿಯುವುದೋ ತಿಳಿಯಲಿಲ್ಲ. ಕೈ ಅಭ್ಯಾಸಬಲದಿಂದ ಬರಿಯ ಎಲೆಯ ಮೇಲೆ ಇಲ್ಲದ ಅನ್ನವನ್ನು ಕಲಸತೊಡಗಿತು. ಅಕ್ಕ ಮುಖ ಆ ಕಡೆ ತಿರುಗಿಸಿದಳು. ಬೆಳಿಗ್ಗೆ ಗಂಜಿಯ ಜಾಗಕ್ಕೆ ಎರಡು ಮೊಟ್ಟೆ, ತಿಮರೆ ಸೊಪ್ಪಿನ ಚಟ್ನಿ, ಮಜ್ಜಿಗೆ. ಸಂಜೆ ಬಸಳೆ, ಇಲ್ಲವೆಂದರೆ ಹರಿವೆ. ಮೀನು ಮಾರುವ ಇದಿನಬ್ಬ ಸೈಕಲ್ಲು ನಿಲ್ಲಿಸಿ, "ಶೆಟ್ರೇ, ದಿನಾ ಇಷ್ಟು ಮೀನು? ಮನೆಯಲ್ಲಿ ನೆಂಟರುಂಟಾ?" ಎಂದ. "ನೆಂಟ ನಾನೇ ಮಾರಾಯ" ಎಂದೆ. ಅವನು ಅದನ್ನು ನಂಬದೆ, ಕೊಡಂಗೆ ಮನೆಗೆ ನೆಂಟರು ಬರುತ್ತಿದ್ದಾರೆ ಎಂದು ಮೀನಿನ ಜೊತೆಗೇ ಊರಿಡೀ ಹಂಚಿದ. ಇದನ್ನು ನೆನಪಿಟ್ಟುಕೋ.

ನೀನು ಬಿಟ್ಟುಹೋದ ನಳಿಗೆಯೂ ನೀಲಿ ಸೀಸೆಯೂ ಸುಮ್ಮನೆ ಕೂರಲಿಲ್ಲ. ನನ್ನ ಉಚ್ಚೆಯೊಂದನ್ನೇ ಎಷ್ಟು ಸಲ ನೋಡುವುದು? ಎಳನೀರು ಹಾಕಿ ಕಾಯಿಸಿದೆ, ಕೆಂಪು. ಬೆಲ್ಲದ ನೀರು, ಕೆಂಪು. ಮಜ್ಜಿಗೆ, ಒಡೆದು ಏನೋ ಒಂದು. ಕಡೆಗೆ ಗಂಜಿಯ ತಿಳಿ ಹಾಕಿದೆ. ಕಾಂತೀ, ಅದು ನೀಲಿಯಾಗಿಯೇ ಉಳಿಯಿತು. ಎಷ್ಟು ಕಾಯಿಸಿದರೂ ನೀಲಿ. ನನ್ನ ಸಂತೋಷ ಕೇಳಬೇಡ. ಗಂಜಿಯಲ್ಲಿ ಸಕ್ಕರೆಯೇ ಇಲ್ಲ, ಡಾಕ್ಟ್ರಿಗೆ ಗೊತ್ತಿಲ್ಲದ್ದನ್ನು ಕೊಡಂಗೆ ಮುಂಡಪ್ಪ ಬಚ್ಚಲೊಲೆಯಲ್ಲಿ ಕಂಡುಹಿಡಿದ ಎಂದು ಆ ಮಧ್ಯಾಹ್ನ ಎಲೆ ತುಂಬ ಅನ್ನ ಬಡಿಸಿಕೊಂಡು ಉಂಡೆ. ಸಂಜೆ ನೋಡಿದರೆ ನಳಿಗೆಯಲ್ಲಿ ಮತ್ತೆ ಹೆಂಚು.

ಮರುದಿನವೇ ಮೂಡುಬಿದಿರೆಗೆ ಹೋಗಿ ಜಗಳಕ್ಕೆ ನಿಂತೆ. ಗಜಾನನ ಡಾಕ್ಟ್ರು ಬೈಯಲಿಲ್ಲ, ನಗಾಡಿದರು. "ಶೆಟ್ರೇ, ಮನೆಗೆ ಹೋಗಿ ಒಂದು ತುತ್ತು ಅನ್ನ ಬಾಯಿಗೆ ಹಾಕಿ ಚೆನ್ನಾಗಿ ಅಗಿಯಿರಿ. ನುಂಗಬೇಡಿ. ಸ್ವಲ್ಪ ಹೊತ್ತು ಬಿಟ್ಟು ಅದರ ನೀರನ್ನು ನಳಿಗೆಗೆ ಹಾಕಿ ನೋಡಿ" ಎಂದರು. ಹಾಗೆಯೇ ಮಾಡಿದೆ. ಬಾಯಲ್ಲಿ ಅನ್ನ ಇರುತ್ತಾ ಇರುತ್ತಾ ಸಿಹಿಯಾಯಿತು. ನಳಿಗೆಗೆ ಹಾಕಿ ಕಾಯಿಸಿದರೆ ನೀಲಿ ಹೋಗಿ ಅರಸಿನ ಬಣ್ಣ. ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎಷ್ಟೋ ಹೊತ್ತು ಅದನ್ನೇ ನೋಡಿದೆ. ಗಂಜಿ ಮೋಸ ಮಾಡಿದ್ದಲ್ಲ. ಗಾಣ ಇದ್ದದ್ದು ನನ್ನ ಬಾಯಿಯಲ್ಲೇ. ಹುಟ್ಟಿದಂದಿನಿಂದ ನಾನು ಅನ್ನವನ್ನು ಬೆಲ್ಲ ಮಾಡಿ ನುಂಗುತ್ತಾ ಬಂದವನು. ಇದನ್ನು ನಿಮಗೆ ಆಸ್ಪತ್ರೆಯಲ್ಲಿ ಕಲಿಸಿದ್ದಾರೋ ಇಲ್ಲವೋ, ಕಲಿಸದಿದ್ದರೆ ನಿಮ್ಮ ಮೇಡಮ್ಮನಿಗೆ ನನ್ನ ಹೆಸರು ಹೇಳಿ ತಿಳಿಸು. ಆಮೇಲೆ ಅನ್ನದ ಮೇಲೆ ನನಗೆ ಸಿಟ್ಟು ಬರಲಿಲ್ಲ, ಆಸೆಯೂ ಮೊದಲಿನಷ್ಟು ಬರಲಿಲ್ಲ. ಅದು ಏನು ಮಾಡುತ್ತದೆಂದು ಕಣ್ಣಾರೆ ನೋಡಿಯಾಗಿತ್ತಲ್ಲ.

ಇನ್ನು ಬೆವರುವ ವಿಷಯ. ಗಾಯ ಹಸಿ ಇರುವಷ್ಟು ದಿನ ಕೈಗೆ ಮಾತ್ರ ಕೆಲಸ. ಬಾವಿಯಿಂದ ನೀರು ಸೇದಿ ಸೇದಿ ಬಸಳೆಗೆ ಹೊಯ್ದೆ. ಬಸಳೆ ಚಪ್ಪರ ಮುರಿಯುವಷ್ಟು ಬೆಳೆಯಿತು. ಗಾಯ ಬಾಯಿ ಮುಚ್ಚಿದ ಮೇಲೆ ಡಾಕ್ಟ್ರು ಚಪ್ಪಲಿ ಹಾಕಿ ನಡೆಯಲು ಹೇಳಿದರು. ತೊಂದರೆ ಶುರುವಾದದ್ದು ಆಗ. ನಮ್ಮ ಊರಿನಲ್ಲಿ ಎದುರು ಬಂದವರೆಲ್ಲ "ಎಲ್ಲಿಗೆ?" ಎಂದು ಕೇಳದೆ ಬಿಡುವುದುಂಟಾ? ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ತಲೆ ಸರಿ ಇಲ್ಲ ಎನ್ನುತ್ತಾರೆ. ಕಾಯಿಲೆಯೆಂದರೆ ಔಷಧ ಹೇಳಲಿಕ್ಕೆ ಮನೆಗೇ ಬರುತ್ತಾರೆ. ಹಾಗಾಗಿ ಬಾಯಿಗೆ ಬಂದದ್ದು ಹೇಳಿದೆ. ಒಬ್ಬನಿಗೆ ಕೋಣ ನೋಡಲಿಕ್ಕೆ ಎಂದೆ, ಇನ್ನೊಬ್ಬನಿಗೆ ಗಡಿಕಲ್ಲು ನೋಡಲಿಕ್ಕೆ ಎಂದೆ. ಒಂದು ದಿನ ಏನೂ ಹೊಳೆಯದೆ, "ಒಂದು ಒಳ್ಳೆಯ ಕಾರ್ಯದ ಮೇಲೆ" ಎಂದುಬಿಟ್ಟೆ.

ಈಗ ನೀನೇ ಲೆಕ್ಕ ಹಾಕು. ಮದುವೆಯ ವಯಸ್ಸಿಗೆ ಬಂದ ಸೊಸೆ ಇರುವ ಮನೆಯ ಯಜಮಾನ. ಒಗೆದ ಬಿಳಿ ವಸ್ತ್ರ, ಕೊಡೆ, ಕಾಲಿಗೆ ಹೊಸ ಚಪ್ಪಲಿ. ದಿನಾ ಬೆಳಿಗ್ಗೆ ಡೊಂಬಯ್ಯ ಶೆಟ್ಟರ ಮನೆಯ ಎದುರು ದಾಟಿ ಹೋಗುತ್ತಾನೆ, ಅವರ ಗದ್ದೆಯ ತೋಡಿನ ಮೇಲೆ ಹಾಕಿದ ಮರದ ಸಂಕದವರೆಗೆ ಹೋಗಿ ತಿರುಗಿ ಬರುತ್ತಾನೆ. ಮನೆಗೆ ದಿನಾ ಬುಟ್ಟಿ ಮೀನು. ಡೊಂಬಯ್ಯ ಶೆಟ್ಟರ ಮಗ ಬೊಂಬಾಯಿಯ ಹೋಟೆಲಿನಿಂದ ರಜೆಯಲ್ಲಿ ಬಂದಿದ್ದ. ಆಟಿ ತಿಂಗಳಲ್ಲಿ ಶುಭಕಾರ್ಯದ ಮಾತು ಆಡುವುದಿಲ್ಲವಲ್ಲ, ತಿಂಗಳಿಡೀ ಅವರು ಕಾದರು. ಆಟಿ ಕಳೆದದ್ದೇ, ಗೇಟಿನಲ್ಲಿ ನಿಂತು, "ಶೆಟ್ರೇ, ದಿನಾ ದಾಟಿ ಹೋಗ್ತೀರಿ. ಇವತ್ತು ಹತ್ತಿ ಬನ್ನಿ, ಒಟ್ಟಿಗೆ ಊಟ ಮಾಡುವ" ಎಂದರು.

ಹತ್ತಿದೆ. ಚಾವಡಿಯಲ್ಲಿ ಅವರ ಮನೆಯ ಹಿರಿಯರೆಲ್ಲ ಸ್ನಾನ ಮಾಡಿ ಕುಳಿತಿದ್ದಾರೆ. ಬೆಲ್ಲ ನೀರು ಬಂತು. ನಾನು ನೀರು ಕುಡಿದೆ, ಬೆಲ್ಲ ಮುಟ್ಟಲಿಲ್ಲ. ಅವರ ದೊಡ್ಡಮ್ಮ, "ಬೆಲ್ಲ ಹಳತಾಯ್ತಾ?" ಎಂದರು. "ಬೆಲ್ಲಕ್ಕೆ ಏನೂ ಆಗಿಲ್ಲಮ್ಮ, ನನಗೆ ಬೇಡ" ಎಂದೆ. ದೊಡ್ಡಮ್ಮ ಬೆಲ್ಲದ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು. ಎಲೆ ಹಾಕಿದರು, ಅನ್ನ ತಂದರು. ನಾನು ಎಲೆಗೆ ಕೈ ಅಡ್ಡ ಹಿಡಿದೆ. "ಅನ್ನ ಬೇಡ, ಮೀನು ಎರಡು ತುಂಡು ಹೆಚ್ಚು ಹಾಕಿ." ಬಡಿಸುವವಳ ಸೌಟು ನಿಂತಲ್ಲೇ ನಿಂತಿತು. ಡೊಂಬಯ್ಯ ಶೆಟ್ಟರು ಮೆಲ್ಲಗೆ ಹೇಳಿದರು: "ಶೆಟ್ರೇ, ನಮ್ಮ ಮನೆಯಲ್ಲಿ ಅನ್ನಕ್ಕೇನೂ ಕಡಿಮೆ ಇಲ್ಲ. ಸಂಬಂಧ ಬೇಡ ಅಂತಾದ್ರೆ ಬಾಯಲ್ಲಿ ಹೇಳಬಹುದಿತ್ತು."

ಸಂಬಂಧ ಎಂಬ ಮಾತು ಕಿವಿಗೆ ಬಿದ್ದಾಗಲೇ ನನಗೆ ತಿಳಿದದ್ದು, ಆ ಸ್ನಾನ, ಆ ಚಾವಡಿ, ಆ ಮೀನು ಎಲ್ಲ ನಿನ್ನ ಲೆಕ್ಕದಲ್ಲಿ ಎಂದು. ಸಂಬಂಧ ಕೇಳಿ ಬಂದವನು ಬೆಲ್ಲ ಮುಟ್ಟದೆ, ಅನ್ನ ಉಣ್ಣದೆ ಎದ್ದರೆ ಮಾತು ಮುಗಿಯಿತು ಎಂದೇ ಅರ್ಥ. ನನಗೆ ಸಕ್ಕರೆ ಕಾಯಿಲೆ ಎಂಬ ಒಂದು ಮಾತಿನಿಂದ ಎಲ್ಲ ಸರಿಯಾಗುತ್ತಿತ್ತು. ಅದು ನಾಲಗೆಯವರೆಗೆ ಬಂದಿತ್ತು. ಆದರೆ ಸರಿಯಾದರೆ ನೀನು ಬಸ್ಸು ಹತ್ತಿ ವಾಪಸು ಬರಬೇಕು. ನಾನು ಆ ಮಾತನ್ನು ಮೀನಿನ ಜೊತೆಗೆ ನುಂಗಿ, "ಹುಡುಗಿ ಕಲೀತಾ ಉಂಟು" ಎಂದಷ್ಟೇ ಹೇಳಿದೆ. ಮೀನು ಮಾತ್ರ ಬಹಳ ಚೆನ್ನಾಗಿತ್ತು.

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲು ಬಂದು ಕುಳಿತಿತ್ತು. "ಅನ್ನಕ್ಕೆ ಕೈ ಅಡ್ಡ ಹಿಡಿದು ಬಂದ್ಯಾ? ಒಳ್ಳೆಯ ಹುಡುಗ, ತಾನಾಗಿ ಬಂದ ಸಂಬಂಧ. ಆಯ್ತು, ಹೊಸ ಊಟದೊಳಗೆ ನಿನ್ನ ನಳಿಗೆಯಲ್ಲಿ ಕೆಂಪು ಕಾಣಲಿ, ಹುಡುಗಿಯನ್ನು ಕರೆಸಿ ಮುಂದಿನದ್ದು ನಾನೇ ನೋಡ್ತೇನೆ" ಎಂದಳು ಅಕ್ಕ. ಆ ದಿನದಿಂದ ನಾನು ಸಂಕದಲ್ಲಿ ತಿರುಗುವುದನ್ನು ಬಿಟ್ಟು ಅದರಾಚೆಯ ಗುಡ್ಡ ಹತ್ತತೊಡಗಿದೆ.

ಡೊಂಬಯ್ಯ ಶೆಟ್ಟರಿಗೆ ನೋವಾದದ್ದು ಮಾತ್ರ ನನ್ನ ಮನಸ್ಸಿನಲ್ಲಿ ಕಡಿಯುತ್ತಲೇ ಇತ್ತು. ಅವರ ಮಗ ಬೊಂಬಾಯಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಸಂಕದ ಹತ್ತಿರ ಸಿಕ್ಕಿದರು. ಮುಖ ತಿರುಗಿಸಿ ಹೋಗುತ್ತಿದ್ದವರನ್ನು ನಿಲ್ಲಿಸಿ ಇರುವೆಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಹತ್ತಿರ ಬಂದು, "ಇರುವೆ ಬರುವುದು ಅದಕ್ಕಾ?" ಎಂದು ಕೇಳಿದರು. ಮರುದಿನ ಕೊಡೆಯೊಳಗೆ ಒಂದು ಸಣ್ಣ ಸೀಸೆ ಅಡಗಿಸಿಕೊಂಡು ನಮ್ಮ ಬಚ್ಚಲಿನ ಹಿಂದೆ ನಿಂತಿದ್ದರು. ಕಾಯಿಸಿದೆ. ಹೆಂಚು. ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನೀನು ನನಗೆ ಹೇಳಿದ್ದನ್ನೆಲ್ಲ ನಾನು ಅವರಿಗೆ ಹೇಳಿ, ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಈಗ ಇಬ್ಬರೂ ಒಟ್ಟಿಗೆ ನಡೆಯುತ್ತೇವೆ. ಯಾರಾದರೂ ಎಲ್ಲಿಗೆ ಎಂದರೆ ಅವರೇ, "ಗಂಜಿ ಕರಗಿಸ್ಲಿಕ್ಕೆ" ಎನ್ನುತ್ತಾರೆ, ಒಂದಿಷ್ಟೂ ನಾಚಿಕೆ ಇಲ್ಲ. ಗುಡ್ಡದಲ್ಲಿ ಏದುಸಿರು ಬಿಡುತ್ತಾ ಮೊನ್ನೆ ಹೇಳಿದರು: "ನಿಮ್ಮ ಸೊಸೆ ಕಲಿತೇ ಬರಲಿ ಮಾರಾಯ್ರೇ. ನನಗೆ ಸೂಜಿ ಬೇಕಾಗಿ ಬಂದ್ರೆ ಕೈ ನಡುಗದವರು ಬೇಕು." ಗುಡ್ಡದ ತುದಿಗೆ ಮೊದಲು ಮುಟ್ಟಿದ್ದು ನಾನೇ ಎಂದು ಬೇರೆ ಬರೆಯಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ನಳಿಗೆ ಹಿಡಿದು ಕುಳಿತಿದ್ದೆ. ನಿನ್ನ ಅಮ್ಮ ಅದನ್ನು ಮೈಲಿಗೆ ಎಂದು ಇಷ್ಟು ದಿನ ಹತ್ತಿರ ಬಂದವಳಲ್ಲ. ಇವತ್ತು ಬಂದು ನನ್ನ ಕೈಯಿಂದ ತೆಗೆದುಕೊಂಡಳು, ಕಿಟಕಿಯ ಬೆಳಕಿಗೆ ಹಿಡಿದಳು. ಸುಳ್ಳು ಹೇಳುವುದಿಲ್ಲ, ಪೂರಾ ನೀಲಿ ಅಲ್ಲ. ಬಸಳೆಯ ಎಳೆ ಎಲೆಯ ಹಸಿರು. ಅವಳು ಅತ್ತ ತಿರುಗಿಸಿ, ಇತ್ತ ತಿರುಗಿಸಿ, "ಇದು ಕೆಂಪಲ್ಲ" ಎಂದಳು. ನನ್ನ ಹೆಬ್ಬೆರಳನ್ನು ಒತ್ತಿ ನೋಡಿದಳು. ಚರ್ಮ ಗಟ್ಟಿ. ಸೂಜಿ ಸದ್ಯಕ್ಕೆ ಬೇಡವೆಂದು ಡಾಕ್ಟ್ರು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಒಳಗೆ ಹೋಗುತ್ತಾ, ಬೆನ್ನು ಈ ಕಡೆಗೇ ಇಟ್ಟು, "ಕಾಂತಿಗೆ ಬರೆ. ಹೊಸ ಊಟಕ್ಕೆ ರಜೆ ಸಿಕ್ಕಿದ್ರೆ ಮಾತ್ರ ಬರಲಿ" ಎಂದಳು. ರಜೆ ಸಿಕ್ಕಿದರೆ ಮಾತ್ರ ಎಂದದ್ದು ಕೇಳಿತಲ್ಲ? ಅದನ್ನು ಬರೆಯಲಿಕ್ಕೇ ಈ ಕಾಗದ. ಉಳಿದದ್ದೆಲ್ಲ ನಾನು ಸೇರಿಸಿದ್ದು.

ಇನ್ನು ಒಂದೇ ತೊಡಕು. ಹೊಸ ಅಕ್ಕಿಯ ದಿನ ನೀವು ಚಿಕ್ಕವರೆಲ್ಲ ನನ್ನೆದುರು ಬಂದು ಕೈ ಮುಗಿದು, "ಹೊಸತು ಉಣ್ತೇನೆ" ಎನ್ನಬೇಕು, ನಾನು "ಉಣ್ಣು" ಎನ್ನಬೇಕು. ಆಮೇಲೆ ಯಜಮಾನ ಮೊದಲ ತುತ್ತು ಬಾಯಿಗಿಡದೆ ಯಾರ ಎಲೆಗೂ ಕೈ ಇಳಿಯುವುದಿಲ್ಲ. ನೀನು ಸಣ್ಣವಳಿದ್ದಾಗ, ನಾನು ಬೇಕೆಂದೇ ಉತ್ತರ ಕೊಡದೆ ನಿನ್ನನ್ನು ಕಾಯಿಸುತ್ತಿದ್ದೆ. ನೀನು ಹಸಿವಿನಿಂದ ಕಾಲು ಬದಲಿಸುತ್ತಾ ನಿಲ್ಲುತ್ತಿದ್ದೆ, ನಾನು ಮೀಸೆಯೊಳಗೆ ನಗುತ್ತಿದ್ದೆ. ಈ ಸಲ ಕಾಯುವವನು ನಾನು. ರಜೆ ಸಿಕ್ಕದಿದ್ದರೆ ಕಾಗದದಲ್ಲಾದರೂ ಬರೆ, ಒಂದು ತುತ್ತೋ ನಾಲ್ಕು ಅಗಳೋ, ನೀನು ಹೇಳಿದಷ್ಟೇ.

ಹೊಸತು ಉಣ್ಣಲಾ ಕಾಂತೀ?

ನಿನ್ನ ಕೈ ಯಾವತ್ತೂ ನಡುಗದಿರಲಿ, ನೀನು ಮುಟ್ಟಿದ ಗಾಯವೆಲ್ಲ ಒಣಗಲಿ ಎಂದು ಹರಸುವ,

ನಿನ್ನ ಮಾವ,
ಕೊಡಂಗೆ ಮುಂಡಪ್ಪ ಶೆಟ್ಟಿ