ಬಾಣಂತಿ ಮಲಗಿದ್ದ ಮನೆಯನ್ನು ಖಾಲಿ ಎಂದು ಮಾರಿದ ಬ್ಯಾಂಕ್ ಮ್ಯಾನೇಜರರಿಗೆ

ಮ್ಯಾನೇಜರ್ ಸಾಹೇಬರೇ,

ಖಾಲಿ ಮನೆ ಎಂದು ನೀವು ನಮಗೆ ಮಾರಿದ ಮನೆಯಲ್ಲಿ ಒಬ್ಬಳು ಬಾಣಂತಿ ಮಲಗಿದ್ದಾಳೆ. ಅವಳ ತಲೆಯ ಹತ್ತಿರವೇ ಗಂಟೆ ಬಾರಿಸಿ, ಹಾಲು ಉಕ್ಕಿಸಿ, ಗೃಹಪ್ರವೇಶ ಮಾಡಿ ಬಂದವರು ನಾವು. ಆ ಸೋಮವಾರದಿಂದ ನನಗೆ ಊಟ ಸೇರುತ್ತಿಲ್ಲ. ನಿಮಗೆ ಸೇರುತ್ತಿದೆಯೇ?

ನಾನು ಹಳ್ಳಿ ಶಾಲೆಯಲ್ಲಿ ಮೂರನೇ ಇಯತ್ತೆ ದಾಟದವಳು. ಆದರೂ ಇಷ್ಟು ಅರ್ಥವಾಗುತ್ತದೆ: ಗೋಪಾಲಪ್ಪ ಎಂಬವರು ಲೇತ್ ಮಿಷನ್ ಹಾಕಲು ದೊಡ್ಡನೆಕ್ಕುಂದಿಯ ತಮ್ಮ ಮನೆಯನ್ನು ನಿಮ್ಮಲ್ಲಿ ಅಡವಿಟ್ಟರು, ಸಾಲ ತೀರಿಸಲಾಗಲಿಲ್ಲ, ಕೋರ್ಟು ಹೇಳಿದಂತೆ ಮನೆ ಬ್ಯಾಂಕಿನದಾಯಿತು. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ನನ್ನ ಮಗ ವೀರೇಶ ಅದನ್ನು ನನ್ನ ಹೆಸರಿನಲ್ಲಿ ನಿಮ್ಮಿಂದ ಕೊಂಡ. ಅರ್ಥವಾಗದ್ದು ಬೇರೆ. ನಾವು ಎಮ್ಮೆ ಕೊಳ್ಳುವಾಗಲೂ ಬಾಲ ಎತ್ತಿ ನೋಡುತ್ತೇವೆ. ಮನೆ ಮಾರುವ ನಿಮಗೆ ಒಮ್ಮೆ ಹಿತ್ತಲಿಗೆ ಹೋಗಿ ನೋಡಲು ಪುರುಸೊತ್ತಾಗಲಿಲ್ಲವೇ? ಮುಂಬಾಗಿಲಿಗೆ ಬೀಗ ಜಡಿದು ಖಾಲಿ ಎಂದು ಬರೆದುಬಿಟ್ಟಿರಿ. ಆ ಸಂಸಾರ ಹಿತ್ತಲ ಬಾಗಿಲಿನಿಂದ ಓಡಾಡಿಕೊಂಡು ಒಳಗೇ ಇತ್ತು.

ನಿಮ್ಮನ್ನು ಬೈಯುವ ನಾನಾದರೂ ಏನು ಮಾಡಿದೆ? ಹೊರಗಿನಿಂದಲೇ ಮನೆ ನೋಡಿ ಬಂದ ದಿನ ಹಗ್ಗದ ಮೇಲೆ ಕೂಸಿನ ಬಟ್ಟೆ ಕಂಡಿತ್ತು. ನಿಮ್ಮ ಬ್ಯಾಂಕಿನವರೇ ಕಳಿಸಿದ್ದ ಬ್ರೋಕರ್ ನಲ್ಲಪ್ಪ, “ಪಕ್ಕದೋರು ಒಣಾಕವ್ರೆ ಬಿಡಿ ಅಮ್ಮಾ” ಎಂದ. ನಂಬಿದೆ, ನಂಬುವುದು ಅನುಕೂಲವಾಗಿತ್ತು. ರಿಜಿಸ್ಟ್ರಿ ಮುಗಿದ ಮೇಲೆ ಅವನ ಮಾತು ತಿರುಗಿತು. “ಒಳಗೆ ಒಸಿ ಜನ ಅವ್ರೆ. ಆಲು ಉಕ್ಸಿಬುಡಿ. ಪೂಜೆ ಆದ್ಮೇಲೆ ಯಾರೂ ನಿಲ್ಲಾಕಿಲ್ಲ, ಅವ್ರೇ ಒಂಟೋಯ್ತಾರೆ.” ಹಾಲು ಉಕ್ಕಿದ ಮನೆ ಉಕ್ಕಿಸಿದವರದು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಮನೆ ಖಾಲಿ ಮಾಡಿಸಲು ಬರುವ ಕೋರ್ಟಿನ ಅಮೀನರು ಮಾಡುವ ಕೆಲಸವನ್ನು ನನ್ನ ಹಾಲಿನ ಪಾತ್ರೆಯಿಂದ ಮಾಡಿಸಲು ಅವನು ಹೊರಟ. ನಾನೂ ಹೊರಟೆ.

ಆ ಸೋಮವಾರ ಪೂಜೆಗೆ ಕರೆಸಿದ್ದ ಅಯ್ಯನವರು ಮಂತ್ರ ಶುರು ಮಾಡಿದ್ದರು, ಸೊಸೆ ಒಲೆ ಹಚ್ಚಿದ್ದಳು. ಒಳಕೋಣೆಯ ಪರದೆ ಸರಿಸಿಕೊಂಡು ಗೋಪಾಲಪ್ಪನವರ ಹೆಂಡತಿ ಚಿಕ್ಕಮುನಿಯಮ್ಮ ಬಂದಳು. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾದೆ.

“ನೀವೇ ಏನಮ್ಮಾ ತಕ್ಕಂಡೋರು? ಮಗ್ಳು ಅಸಿ ಬಾಣಂತಿ, ಈಗ್ತಾನೆ ಕಣ್ಣು ಮುಚ್ಚವ್ಳೆ. ಗಂಟೆ ಒಸಿ ಮೆತ್ತಗೆ ಬಾರ್ಸಾಕೇಳಿ.”

ಹಾಲು ಉಕ್ಕಿತು. ಅಯ್ಯನವರು, ಪಾಪ, ಎಂದಿನ ರೂಢಿಯಂತೆ “ಮನಿಯವ್ರೆಲ್ಲಾ ಬರ್ರಿ, ಪ್ರಸಾದ ತಗೊಳ್ರಿ” ಎಂದರು. ನಮಗಿಂತ ಮೊದಲು ಕೈ ಚಾಚಿದವಳು ಅವಳು. “ಬಾಣಂತಿಗೂ ಒಂದ್ ತೊಟ್ಟು ಕೊಡಿ ಸ್ವಾಮಿ.” ಆ ಮಾತಿನಲ್ಲಿ ಕೊಂಕಿರಲಿಲ್ಲ ಸಾಹೇಬರೇ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಾಯಿಗೆ ಬಾಯಿ ಕೊಡುವುದರಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ.

ಹೊರಗೆ ನಲ್ಲಪ್ಪ ಹಲ್ಲು ಕಿರಿದ. “ಆಲು ಉಕ್ತಲ್ಲಮ್ಮಾ, ಇನ್ನೇನು?”

“ನಿನ್ನ ಹೇಣ್ತಿ ಬಾಣಂತನದಾಗ ಯಾರಾರ ಹಿಂಗ ಗಂಟಿ ಬಾರಿಸ್ಕೊಂತ ಬಂದಿದ್ರೇನೋ?”

“ನಾನೇನ್ ಮಾಡ್ಲಿ, ಬ್ಯಾಂಕ್ನೋರೇ ಇಂಗ್ ಮಾಡ್ಸು ಅಂದ್ರು.”

ಹೌದೇ? ನಮ್ಮ ಹಾಲನ್ನೂ ನಿಮ್ಮ ವಸೂಲಿಗೆ ಹಚ್ಚಿದಿರೇ?

ಬಾಣಂತನ ಮುಗಿದು, ಅವರಿಗೊಂದು ಬಾಡಿಗೆ ಮನೆ ಸಿಗುವವರೆಗೆ ನಾವು ಒಳಗೆ ಕಾಲಿಡುವುದಿಲ್ಲ. ಆದರೆ ಈ ಮಾತನ್ನು ಚಿಕ್ಕಮುನಿಯಮ್ಮನಿಗೆ ನಾನು ಹೇಳಿದರೆ ಸಾಲದು. ಮಾರಿದವರು ನೀವು, ಬ್ರೋಕರನ್ನು ಕಳಿಸದೆ ನೀವೇ ಹೋಗಿ, ಅವಳೆದುರು ನಿಂತು ಹೇಳಬೇಕು. ಮನೆ ಹುಡುಕಿಕೊಡುವುದೂ ನಿಮ್ಮದೇ ಜವಾಬ್ದಾರಿ.

ನನ್ನ ಮಗನಿಗೆ ಈ ಪತ್ರ ಒಪ್ಪಿಗೆಯಿಲ್ಲ. “ಪೇಪರಿಗೆ ಯಾಕ ಬರೀತಿ ಅವ್ವಾ? ಕಾಯಿದೆ ಪ್ರಕಾರ ಅದು ನಮ್ಮನಿ” ಎನ್ನುತ್ತಾನೆ. ನಿಜ, ನಮ್ಮದೇ. ಆದ್ದರಿಂದಲೇ ನಾಚಿಕೆಯೂ ನಮ್ಮ ಪಾಲಿಗೆ ಬಂದಿದೆ. ನಿಮ್ಮ ಪಾಲಿನದನ್ನು ಒಯ್ಯಲು ಯಾವಾಗ ಬರುತ್ತೀರಿ?

ಇಂತಿ, ನಿಮ್ಮ ಕಾಗದದ ಪ್ರಕಾರ ಮನೆಯೊಡತಿ,
ಶಿವಲಿಂಗಮ್ಮ
ಬಾಡಿಗೆ ಮನೆ, ಪೀಣ್ಯ
ಮಾರ್ಚ್ 1996