ದೇವರ ಮನೆಯಲ್ಲಿ ನಾಲ್ಕು ಟೈರು

ರೀ,

ನಿಮ್ಮ ಸ್ಪೋರ್ಟ್ಸ್ ಕಾರಿನ ಚಳಿಗಾಲದ ಟೈರು ಬಂದಿವೆ. ಹುಡುಕಬೇಡಿ, ನಾಲ್ಕೂ ದೇವರ ಮನೆಯಲ್ಲಿವೆ. ಅತ್ತೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮುಗಿಸಿದ್ದಾರೆ. "ಪೂಜಿ ಆದದ್ದನ್ನ ಈ ಸ್ಟ್ಯಾನ್ಮೋರ್ ಊರಿನ ಕೆಸರು ರಾಡ್ಯಾಗ ಉರುಳಸ್ತೀರೇನು?" ಅಂತ ಬಾಗಿಲಿಗೆ ಅಡ್ಡ ಕೂತಿದ್ದಾರೆ.

ಹನ್ನೊಂದಕ್ಕೆ ಗ್ಯಾರೇಜಿನವನು ಬರುತ್ತಾನೆ. ಒಳಗೆ ಕರೆದರೆ ಬೂಟು ಬಿಚ್ಚಿಸಿ.

ಎಂಜಿನ್ ತಿರುಗಿಸೋದು ಹಿಂದಿನ ಚಕ್ರ ಮಾತ್ರ, ಅದಕ್ಕೆ ಎರಡು ಸಾಕು, ಉಳಿದೆರಡು ದೇವರಿಗಿರಲಿ ಅಂತ ಅತ್ತೆ ಜೊತೆ ರಾಜಿಯಾಗಬೇಡಿ. ಬ್ರೇಕಿಗೂ ತಿರುವಿಗೂ ಮುಂದಿನವೂ ಬೇಕು, ನಾಲ್ಕೂ ಹಾಕಿಸಲೇಬೇಕು.

ಕಾರಿನ ಹಿಂಭಾಗ ಜಾರದಿರಲಿ ಅಂತ ಡಿಕ್ಕಿಯಲ್ಲಿ ನೀವು ಹೇರಿದ್ದ ಜೋಳದ ಹಿಟ್ಟಿನ ಚೀಲವನ್ನು ಅಡುಗೆಮನೆಗೆ ತಂದಿದ್ದೇನೆ. ರೊಟ್ಟಿ ಡಬ್ಬಿಯಲ್ಲಿದೆ.

ನಾನು ಕೆಲಸಕ್ಕೆ ಟ್ಯೂಬ್ ರೈಲಿನಲ್ಲಿ ಹೋಗುತ್ತೇನೆ.

ಮೊನ್ನೆ ಸ್ನೋದಲ್ಲಿ ಕಾರು ಗಿರ್ರನೆ ತಿರುಗಿದಾಗ ನಿಮ್ಮ ಪಕ್ಕದ ಸೀಟಿನಲ್ಲಿ ಇದ್ದವರು ಅತ್ತೆ. ಮೊದಲು ಅವರ ಹತ್ತಿರ ತಪ್ಪಾಯಿತು ಅನ್ನಿ. ಆಮೇಲೆ ಟೈರು ಕೇಳಿ.

ಅಪೂರ್ವಾ